ಪಾಪರ್ ಚೀಟಿ ಅಂತ ಯಾವ ಚೀಟಿನೂ ಇಲ್ಲ: ಸಾಲದಲ್ಲಿ ಸಿಕ್ಕಿರೋ ಮುಂಬೈ ಕನ್ನಡಿಗರು ತಿಳ್ಕೊಳ್ಬೇಕಾದ್ದು

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಹನ್ನೊಂದು ಗಂಟೆಗೆ ನನ್ನ ಹೆಂಡತಿಯ ತಮ್ಮ ಫೋನ್ ಮಾಡಿದ. ಥಾಣೆಯಲ್ಲಿ ಸಣ್ಣದೊಂದು ಹೋಟೆಲ್ ಇಟ್ಕೊಂಡಿದ್ದ, ಲಾಕ್‌ಡೌನ್ ನಂತರ ಎದ್ದು ನಿಲ್ಲೋಕೆ ಆಗ್ಲೇ ಇಲ್ಲ ಅವನಿಗೆ. "ಭಾವ, ನಾಳೆ ಪಾಪರ್ ಚೀಟಿ ಮಾಡಿಸೋಕೆ ಹೋಗ್ತಿದ್ದೇನೆ, ಐವತ್ತು ಸಾವಿರ ಕೊಟ್ರೆ ಮೂರು ತಿಂಗಳಲ್ಲಿ ಎಲ್ಲಾ ಸಾಲ ಕ್ಲಿಯರ್ ಅಂತೆ" ಅಂದ. ಯಾರು ಹೇಳಿದ್ದು ಅಂದ್ರೆ ಯಾರೋ ಏಜೆಂಟ್. ಆ ಐವತ್ತು ಸಾವಿರವನ್ನೂ ಯಾರ ಹತ್ರನೋ ಕೈಸಾಲ ಮಾಡಿದ್ದ.

ನಾನು ವಕೀಲ ಅಲ್ಲ. ಮುಲುಂಡ್, ಥಾಣೆ, ಡೊಂಬಿವಲಿ ಕಡೆ ಸಣ್ಣ ಹೋಟೆಲ್‌ನವರ, ಅಂಗಡಿಯವರ ಲೆಕ್ಕ ಬರೆಯೋನು, ಅದರಲ್ಲಿ ಮುಕ್ಕಾಲು ಪಾಲು ನಮ್ಮ ಉಡುಪಿ ಕುಂದಾಪುರ ಕಡೆಯವರೇ. ಸಾಲದಲ್ಲಿ ಮುಳುಗಿದವರನ್ನ ತುಂಬಾ ಹತ್ತಿರದಿಂದ ನೋಡಿದ್ದೇನೆ, ಮತ್ತೆ ಮತ್ತೆ ಒಂದೇ ವಿಷಯ ಕಾಣ್ತದೆ. ಸಾಲಕ್ಕಿಂತ ಹೆಚ್ಚು ಹಾನಿ ಮಾಡೋದು ಸಾಲದ ಬಗ್ಗೆ ಇರೋ ತಪ್ಪು ಕಲ್ಪನೆ. ಕೈಲಿ ಉಳಿಸ್ಕೊಳ್ಬಹುದಾಗಿದ್ದನ್ನೇ ಹೆದರಿಕೆಗೆ ಕಳ್ಕೊಳ್ತಾರೆ, ಮಾಡಬಾರದ್ದನ್ನ ಯಾರದೋ ಮಾತು ಕೇಳಿ ಮಾಡಿ ಕೂತಿರ್ತಾರೆ.

ಮೊದಲು ಆ ಹೆಸರಿನ ವಿಷ್ಯಕ್ಕೇ ಬರ್ತೇನೆ. ನಮ್ಮಲ್ಲಿ "ಪಾಪರ್ ಆದ", "ಪಾಪರ್ ಚೀಟಿ ತಗೊಂಡ" ಅಂತ ಅಜ್ಜನ ಕಾಲದಿಂದ ಹೇಳ್ತಾರೆ, ಅಂದ್ರೆ ಕೋರ್ಟಿಂದ ಒಂದು ಕಾಗದ ತಂದ್ರೆ ಸಾಲ ಕೊಟ್ಟೋರು ಬಾಗಿಲಿಗೆ ಬರೋ ಹಾಗಿಲ್ಲ ಅನ್ನೋ ಅರ್ಥದಲ್ಲಿ. ಕೋರ್ಟಲ್ಲಿ ಪಾಪರ್ ಅನ್ನೋ ಶಬ್ದ ಇದ್ದದ್ದು ನಿಜ, ಆದ್ರೆ ಅದು ಬೇರೆಯೇ ವಿಷಯ. ಕೋರ್ಟ್ ಫೀ ಕಟ್ಟೋಕೆ ಗತಿ ಇಲ್ಲದವನು ಫೀ ಇಲ್ದೆ ದಾವೆ ಹಾಕೋಕೆ ಅನುಮತಿ ಕೇಳಿದ್ರೆ ಅವನನ್ನ ಸಿವಿಲ್ ಪ್ರೊಸೀಜರ್ ಕೋಡ್‌ನಲ್ಲಿ ಪಾಪರ್ ಅಂತಿದ್ರು, 1976ರ ತಿದ್ದುಪಡಿಲಿ ಆ ಶಬ್ದವನ್ನೂ ತೆಗೆದುಹಾಕಿದ್ರು. ಸಾಲ ಮನ್ನಾಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ನಾವು ದಿವಾಳಿ ಅನ್ನೋದಕ್ಕೆ, ಇಲ್ಲಿ ಮರಾಠಿಯಲ್ಲಿ ನಾದಾರಿ ಅನ್ನೋದಕ್ಕೆ, ಬೇರೆಯೇ ಕಾನೂನು ಇದೆ.

ಆ ಕಾನೂನು ಯಾವುದು ಅಂತ ಕೇಳಿದ್ರೆ ಓದಿದವರೂ ತಪ್ಪು ಹೇಳ್ತಾರೆ. ಕೆಲವರು ಯೂಟ್ಯೂಬಲ್ಲಿ ಅಮೆರಿಕದ ವಿಡಿಯೋ ನೋಡಿ ಚಾಪ್ಟರ್ 7, ಚಾಪ್ಟರ್ 13 ಅಂತಾರೆ, ಅದು ಅಮೆರಿಕದ ಕಾನೂನು, ಇಲ್ಲಿ ನಡೆಯಲ್ಲ. ಇನ್ನು ಕೆಲವರು 2016ರ ಐಬಿಸಿ, ಅಂದ್ರೆ ಇನ್‌ಸಾಲ್ವೆನ್ಸಿ ಅಂಡ್ ಬ್ಯಾಂಕ್ರಪ್ಸಿ ಕೋಡ್ ಅನ್ನೋ ದಿವಾಳಿ ಕಾನೂನು, ಬಂದ ಮೇಲೆ ಎಲ್ಲರಿಗೂ ದಿವಾಳಿ ಅರ್ಜಿ ಸುಲಭ ಆಗಿದೆ ಅಂತಾರೆ. ಐಬಿಸಿಯ ಮೂರನೇ ಭಾಗದಲ್ಲಿ ವ್ಯಕ್ತಿಗಳ ದಿವಾಳಿ ಬಗ್ಗೆ ಎಲ್ಲಾ ಬರೆದಿದ್ದಾರೆ ನಿಜ, ತೀರಾ ಬಡವರಿಗೆ ಹೊಸದಾಗಿ ಶುರು ಮಾಡೋ ಅವಕಾಶ ಅಂತಲೂ ಒಂದು ಇಟ್ಟಿದ್ದಾರೆ, ವರ್ಷದ ಆದಾಯ 60,000 ರೂಪಾಯಿ ಮೀರಬಾರದು, ಆಸ್ತಿ 20,000 ಮೀರಬಾರದು, ಸಾಲ 35,000 ಮೀರಬಾರದು, ಸ್ವಂತ ಮನೆ ಇರಬಾರದು ಅಂತ. ಆದ್ರೆ ಆ ಭಾಗವನ್ನ ಸಾಮಾನ್ಯ ಜನರಿಗೆ ಜಾರಿಗೇ ತಂದಿಲ್ಲ. 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದದ್ದು ಕಂಪನಿ ಸಾಲಕ್ಕೆ ಸ್ವಂತ ಜಾಮೀನು ಹಾಕಿದವರಿಗೆ ಮಾತ್ರ.

ಹಾಗಾಗಿ ಕ್ರೆಡಿಟ್ ಕಾರ್ಡು, ಪರ್ಸನಲ್ ಲೋನು, ಕೈಸಾಲ ಇರೋ ನಮ್ಮಂಥವರಿಗೆ ಇವತ್ತಿಗೂ ಲಾಗು ಆಗೋದು ಬ್ರಿಟಿಷರ ಕಾಲದ ಎರಡು ಕಾನೂನು. ಮುಂಬೈ, ಕೋಲ್ಕತ್ತಾ, ಚೆನ್ನೈ ಊರುಗಳಿಗೆ 1909ರ ಪ್ರೆಸಿಡೆನ್ಸಿ ಟೌನ್ಸ್ ಇನ್‌ಸಾಲ್ವೆನ್ಸಿ ಆಕ್ಟು, ಉಳಿದ ಕಡೆಗೆ 1920ರ ಪ್ರಾವಿನ್ಶಿಯಲ್ ಇನ್‌ಸಾಲ್ವೆನ್ಸಿ ಆಕ್ಟು. ಐಬಿಸಿಯಲ್ಲೇ ಇವೆರಡನ್ನೂ ರದ್ದು ಮಾಡೋ ಸೆಕ್ಷನ್ ಇದೆ, ಅದನ್ನೂ ಜಾರಿಗೆ ತಂದಿಲ್ಲ. ಹಾಗಾಗಿ ನಮ್ಮ ಕಡೆ ಮುಲುಂಡ್ ಚೆಕ್‌ನಾಕಾ ದೊಡ್ಡ ಗಡಿ. ಮುಲುಂಡಲ್ಲಿ, ಭಾಂಡೂಪಲ್ಲಿ, ದಹಿಸರ್‌ವರೆಗೆ ಎಲ್ಲಿದ್ರೂ ಫೋರ್ಟ್‌ನಲ್ಲಿರೋ ಹೈಕೋರ್ಟಿಗೆ ಹೋಗ್ಬೇಕು, ನಾಕಾ ದಾಟಿ ಥಾಣೆ, ಡೊಂಬಿವಲಿ, ಮೀರಾ ರೋಡ್ ಅಂದ್ರೆ ಥಾಣೆ ಜಿಲ್ಲಾ ಕೋರ್ಟು. ಪುಣೆಯವರಿಗೆ ಪುಣೆ ಜಿಲ್ಲಾ ಕೋರ್ಟು. ಮನೆ ಡೊಂಬಿವಲಿಯಲ್ಲಿದ್ದು ಧಂದೆ ಮುಂಬೈ ಒಳಗೆ ಮಾಡ್ತಿದ್ರೆ ಹೈಕೋರ್ಟಿಗೂ ಹೋಗೋಕೆ ಆಗ್ತದೆ. ಏಜೆಂಟ್ ಆಫೀಸಲ್ಲಿ ಕೂತು ಸಹಿ ಹಾಕಿದ್ರೆ ಆಗೋ ಕೆಲಸ ಅಲ್ಲ ಇದು, ಜಡ್ಜ್ ಎದುರಿಗೆ ನಡೆಯೋ ಕೇಸು. ಅಲ್ಲಿ ನಿಮ್ಮ ಆಸ್ತಿ, ಸಾಲ, ಸಾಲ ಕೊಟ್ಟೋರ ಹೆಸರು ಎಲ್ಲಾ ಬರ್ಕೊಡ್ಬೇಕು, ಪ್ರಶ್ನೆ ಕೇಳಿದ್ರೆ ಪ್ರಮಾಣ ಮಾಡಿ ಉತ್ತರ ಹೇಳ್ಬೇಕು.

ಅರ್ಜಿ ಹಾಕೋಕೆ ಎಷ್ಟು ಸಾಲ ಇರ್ಬೇಕು ಗೊತ್ತಾ, ಬರೀ 500 ರೂಪಾಯಿ. 1909ರ ಲೆಕ್ಕ ಅದು. ಇದನ್ನ ಕೇಳಿ ಅಯ್ಯೋ ಎಷ್ಟು ಸುಲಭ ಅಂತ ಅನ್ಕೋಬೇಡಿ, ಅದೇ ಕಾಲದ ಲೆಕ್ಕ ಬೇರೆ ಕಡೆ ನಮಗೇ ಹೊಡೀತದೆ. ಕೋರ್ಟು ನಿಮ್ಮನ್ನ ದಿವಾಳಿ ಅಂತ ಘೋಷಣೆ ಮಾಡಿದ ಕೂಡ್ಲೇ ನಿಮ್ಮ ಆಸ್ತಿಯೆಲ್ಲ ಆಫೀಷಿಯಲ್ ಅಸೈನಿ ಅನ್ನೋ ಕೋರ್ಟಿನ ಅಧಿಕಾರಿ ಕೈಗೆ ಹೋಗ್ತದೆ, ಜಿಲ್ಲೆಗಳಲ್ಲಾದ್ರೆ ಕೋರ್ಟ್ ಅಥವಾ ರಿಸೀವರ್ ಕೈಗೆ. ಅದನ್ನ ಮಾರಿ ಸಾಲ ಕೊಟ್ಟೋರಿಗೆ ಪಾಲು ಹಂಚ್ತಾರೆ. ನಿಮ್ಮ ಕೈಲಿ ಉಳಿಯೋದೇನು ಅಂದ್ರೆ ಮುಂಬೈಗೆ ಲಾಗು ಆಗೋ 1909ರ ಆಕ್ಟ್ ಪ್ರಕಾರ ಕೆಲಸದ ಸಾಮಾನು, ಉಡೋ ಬಟ್ಟೆ, ಹಾಸಿಗೆ, ಅಡಿಗೆ ಪಾತ್ರೆ, ಕುರ್ಚಿ ಮಂಚ, ನಿಮ್ಮದು ಹೆಂಡತಿ ಮಕ್ಕಳದು ಎಲ್ಲಾ ಸೇರಿ 300 ರೂಪಾಯಿ ಬೆಲೆಯವರೆಗೆ. ಇವತ್ತು ಒಂದು ಪ್ರೆಶರ್ ಕುಕ್ಕರ್ ಬರಲ್ಲ ಅಷ್ಟಕ್ಕೆ. ಶತಮಾನ ದಾಟಿದ್ರೂ ಇಂಥ ಅಂಕಿಯನ್ನ ಹಾಗೇ ಇಟ್ಟು, ಹೊಸ ಕಾನೂನನ್ನ ಪುಸ್ತಕದಲ್ಲಿ ಬರೆದು ಜಾರಿಗೆ ತರದೆ ಇರೋದು ದೊಡ್ಡ ಅನ್ಯಾಯ ಅಂತ ನನಗೆ ಅನ್ನಿಸ್ತದೆ. ದೊಡ್ಡ ಕಂಪನಿಗಳಿಗೆ ಬೇಗ ಮುಗಿಸಿಕೊಡೋಕೆ ಕಫ್ ಪರೇಡಲ್ಲಿ ಟ್ರಿಬ್ಯುನಲ್ ಇದೆ, ಎರಡು ಕಾರ್ಡ್ ಬಾಕಿ ಇರೋ ವೇಟರ್‌ಗೆ 1909.

ಹಾಗಂತ ಅದರಲ್ಲಿ ಪ್ರಯೋಜನವೇ ಇಲ್ಲ ಅಂತ ಅಲ್ಲ, ಅದನ್ನೂ ಹೇಳ್ಬೇಕು. ದಿವಾಳಿ ಆದೇಶ ಆದ ಮೇಲೆ ಅಡಮಾನ ಇಲ್ಲದ ಸಾಲ ಕೊಟ್ಟವರು ಕೋರ್ಟಿನ ಅನುಮತಿ ಇಲ್ದೆ ನಿಮ್ಮ ಮೇಲೆ ಬೇರೆ ಬೇರೆ ದಾವೆ ಹೂಡೋ ಹಾಗಿಲ್ಲ, ಬಂಧನದಿಂದ ರಕ್ಷಣೆ ಕೇಳಿ ಪ್ರತ್ಯೇಕ ಆದೇಶ ಪಡೀಬಹುದು. ಕೊನೆಗೆ ಡಿಸ್ಚಾರ್ಜ್ ಸಿಕ್ಕಿದ್ರೆ ಉಳಿದ ಸಾಲದಿಂದ ಬಿಡುಗಡೆ. ಆದ್ರೆ ಈ ಡಿಸ್ಚಾರ್ಜ್ ತಾನಾಗಿ ಬರೋದಿಲ್ಲ, ಅದಕ್ಕೆ ಬೇರೆ ಅರ್ಜಿ ಹಾಕ್ಬೇಕು, ಕೋರ್ಟ್ ಕೊಡ್ಲೂಬಹುದು ಬಿಡ್ಲೂಬಹುದು. ಲೆಕ್ಕಪತ್ರ ಸರಿ ಇಟ್ಟಿಲ್ಲ, ಮುಳುಗ್ತಿದ್ದೇನೆ ಅಂತ ಗೊತ್ತಿದ್ದೂ ಧಂದೆ ಮುಂದುವರಿಸಿದ, ಜೂಜು, ದುಂದುವೆಚ್ಚ, ಹುಚ್ಚು ಸಟ್ಟಾ ಮಾಡಿದ, ಇವೆಲ್ಲಾ ಪೂರ್ತಿ ಬಿಡುಗಡೆ ಕೊಡದೆ ಇರೋಕೆ ಕಾರಣ ಆಗ್ತದೆ. 1920ರ ಆಕ್ಟಲ್ಲಿ ಇನ್ನೊಂದಿದೆ, ಆಸ್ತಿ ರೂಪಾಯಿಗೆ ಎಂಟಾಣೆಯಷ್ಟೂ ಸಾಲ ತೀರಿಸೋಕೆ ಸಾಲದಿದ್ರೆ, ಅದು ನನ್ನ ತಪ್ಪಿಂದ ಆದದ್ದಲ್ಲ ಅಂತ ನೀವೇ ತೋರಿಸ್ಬೇಕು. ಇದನ್ನ ಓದಿದಾಗ ನನಗೆ ನಮ್ಮ ಹೋಟೆಲ್‌ನವರದ್ದೇ ನೆನಪು. ದಿನದ ಗಲ್ಲಾ ರಾತ್ರಿ ಎಣಿಸಿ ಜೇಬಿಗೆ ಹಾಕಿ, ಸಪ್ಲೈಯರ್ ಬಿಲ್ಲನ್ನ ಮೊಳೆಗೆ ಚುಚ್ಚಿಡೋದೇ ನಮ್ಮ ಲೆಕ್ಕಪತ್ರ, ಮೂರು ವರ್ಷದ ಪುಸ್ತಕ ತನ್ನಿ ಅಂದ್ರೆ ಎಲ್ಲಿಂದ ತರೋದು.

ಡಿಸ್ಚಾರ್ಜ್ ಸಿಗೋವರೆಗೆ ಬದುಕು ಹೇಗಿರ್ತದೆ ಅಂತ ಯಾವ ಏಜೆಂಟೂ ಹೇಳಲ್ಲ. ಆ ಸ್ಥಿತಿಲಿ ನಾನು ದಿವಾಳಿ ಅಂತ ತಿಳಿಸದೆ ಯಾರ ಹತ್ರಾನಾದ್ರೂ 50 ರೂಪಾಯಿ ಅಥವಾ ಹೆಚ್ಚು ಉದ್ರಿ ತಗೊಂಡ್ರೆ ಆರು ತಿಂಗಳವರೆಗೆ ಶಿಕ್ಷೆ ಆಗಬಹುದಾದ ಅಪರಾಧ. ಕಂಪನಿ ಡೈರೆಕ್ಟರ್ ಆಗೋ ಹಾಗಿಲ್ಲ, ಎಂಎಲ್‌ಎ ಎಂಪಿ ಆಗೋ ಹಾಗಿಲ್ಲ. ಚುನಾವಣೆ ವಿಷಯ ನಮಗೆ ಬೇಡ ಬಿಡಿ, ಡೈರೆಕ್ಟರ್ ವಿಷಯ ಮಾತ್ರ ಮುಖ್ಯ, ಯಾಕಂದ್ರೆ ಈಗ ಸಣ್ಣ ಹೋಟೆಲ್‌ನವರೂ ಪ್ರೈವೇಟ್ ಲಿಮಿಟೆಡ್ ಮಾಡ್ಕೊಂಡಿದ್ದಾರೆ.

ಇನ್ನು ಎಲ್ಲಾ ಸಾಲ ಹೋಗ್ತದೆ ಅನ್ನೋದು. ಮನೆ ಅಡ ಇಟ್ಟು ತಗೊಂಡ ಹೋಮ್ ಲೋನ್, ಗಾಡಿ ಲೋನ್, ಬಂಗಾರದ ಲೋನ್, ಇವ್ಯಾವುದನ್ನೂ ದಿವಾಳಿ ಆದೇಶ ತಡೆಯಲ್ಲ, ಬ್ಯಾಂಕು ತನ್ನ ಅಡಮಾನದ ಹಕ್ಕನ್ನ ಚಲಾಯಿಸ್ತದೆ. ಸರ್ಕಾರಕ್ಕೆ ಕೊಡ್ಬೇಕಾದ ಬಾಕಿ, ಮೋಸದಿಂದ ಮಾಡಿದ ಸಾಲ, ಕೋರ್ಟ್ ಹೇಳಿದ ಜೀವನಾಂಶ, ಇವು ಡಿಸ್ಚಾರ್ಜ್ ಆದ್ಮೇಲೂ ಹಾಗೇ ಇರ್ತವೆ. ಚೆಕ್ ಬೌನ್ಸ್ ಕೇಸ್ ಅದರ ಪಾಡಿಗೆ ನಡೀತದೆ, ಅದು ಎರಡು ವರ್ಷದವರೆಗೆ ಶಿಕ್ಷೆ ಇರೋ ಕ್ರಿಮಿನಲ್ ಕೇಸು. ಐಬಿಸಿ ಕೆಳಗೆ ಅರ್ಜಿ ಹಾಕಿದ ಜಾಮೀನುದಾರರಿಗೂ ಚೆಕ್ ಬೌನ್ಸ್ ಕೇಸಿಂದ ತಡೆ ಸಿಗಲ್ಲ ಅಂತ 2025ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹಾಗಾಗಿ ಪ್ರೈವೇಟಾಗಿ ಬಡ್ಡಿಗೆ ಕೊಡೋರು ಸಹಿ ಮಾಡಿದ ಖಾಲಿ ಚೆಕ್ ಕೇಳಿದ್ರೆ ಕೊಡ್ಬೇಡಿ ಅಂತ ನಾನು ಎಲ್ಲರಿಗೂ ಹೇಳ್ತಾ ಬಂದಿದ್ದೇನೆ, ಮಹಾರಾಷ್ಟ್ರದಲ್ಲಿ ಬಡ್ಡಿ ವ್ಯವಹಾರಕ್ಕೆ 2014ರ ಕಾನೂನಿನ ಪ್ರಕಾರ ಲೈಸೆನ್ಸ್ ಬೇಕು, ಮೊದಲು ಅದನ್ನ ಕೇಳಿ.

ಜಾಮೀನು ಹಾಕಿದವರ ಕಥೆ ನನಗೆ ಎಲ್ಲಕ್ಕಿಂತ ಹೆಚ್ಚು ಬೇಜಾರು ತರೋದು. ಊರಿನವನು, ನಂಬಿಕಸ್ಥ ಅಂತ ಒಂದು ಸಹಿ ಹಾಕಿರ್ತಾರೆ. ಸಾಲಗಾರ ದಿವಾಳಿ ಆಗಿ ಡಿಸ್ಚಾರ್ಜ್ ಸಿಕ್ಕಿದ್ರೂ ಜಾಮೀನುದಾರನ ಹೊಣೆ ಹೋಗಲ್ಲ, ಪಾಲುದಾರನದ್ದೂ ಹೋಗಲ್ಲ. ಕಂಪನಿ ಸಾಲಕ್ಕೆ ಜಾಮೀನು ಹಾಕಿದವರಿಗೂ ಹಾಗೇ, 2021ರಲ್ಲಿ ಸುಪ್ರೀಂ ಕೋರ್ಟ್ ಲಲಿತ್ ಕುಮಾರ್ ಜೈನ್ ಕೇಸಲ್ಲಿ ಇದನ್ನ ಸ್ಪಷ್ಟ ಮಾಡಿತು. ಕಾಂಟ್ರಾಕ್ಟ್ ಆಕ್ಟ್ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ, ಬ್ಯಾಂಕ್ ಮೊದಲು ಸಾಲಗಾರನನ್ನ ಹಿಡಿದು ಆಮೇಲೆ ಜಾಮೀನುದಾರನ ಹತ್ರ ಬರ್ಬೇಕು ಅಂತೇನೂ ಇಲ್ಲ. ಸಾಲ ತಗೊಂಡ ನೀವು ಕೈ ಎತ್ತಿದ್ರೆ ಹೊಡೆತ ಬೀಳೋದು ಜಾಮೀನು ಹಾಕಿದವನಿಗೆ.

ಈಗ ನನ್ನ ಹೆಂಡತಿಯ ತಮ್ಮನ ಮನೆ ವಿಷಯ. ಡೊಂಬಿವಲಿಯಲ್ಲಿ ಅವನದ್ದೊಂದು ಒನ್ ರೂಮ್ ಕಿಚನ್ ಇದೆ, ಸ್ವಂತದ್ದು, ಲೋನ್ ಎಲ್ಲಾ ತೀರಿದ್ದು. ನನಗೆ ಫೋನ್ ಮಾಡೋಕೆ ನಾಲ್ಕು ತಿಂಗಳ ಮುಂಚೆ ಏಜೆಂಟ್ ಮಾತು ಕೇಳಿ ಅದನ್ನ ಹೆಂಡತಿ ಹೆಸರಿಗೆ ಗಿಫ್ಟ್ ಡೀಡ್ ಮಾಡಿಬಿಟ್ಟಿದ್ದ. ಇದು ನಮ್ಮಲ್ಲಿ ಎಲ್ಲರೂ ಕೊಡೋ ಸಲಹೆ, ಆಸ್ತಿನ ಹೆಂಡತಿ ಹೆಸರಿಗೆ ಮಾಡು ಆಮೇಲೆ ಯಾರೂ ಮುಟ್ಟಲ್ಲ ಅಂತ. ದಿವಾಳಿ ಕಾನೂನಲ್ಲಿ ಹಿಂದಿನ ಎರಡು ವರ್ಷದೊಳಗೆ ಹೀಗೆ ಪುಕ್ಕಟೆ ಕೊಟ್ಟ ಆಸ್ತಿಯನ್ನ ರದ್ದು ಮಾಡೋಕೆ ಬರ್ತದೆ. ಸಾಲ ಕೊಟ್ಟವರಲ್ಲಿ ಒಬ್ಬರಿಗೆ, ಅಂದ್ರೆ ಭಾವನಿಗೋ ಗೆಳೆಯನಿಗೋ, ಕೊನೆಯ ಮೂರು ತಿಂಗಳಲ್ಲಿ ಬೇಕಂತಲೇ ಪೂರ್ತಿ ತೀರಿಸಿದ್ರೆ ಅದನ್ನೂ ವಾಪಸ್ ತರಿಸಬಹುದು. ದಿವಾಳಿ ಅರ್ಜಿ ಹಾಕದೆ ಇದ್ರೂ ಸಾಲ ಕೊಟ್ಟೋರು ಇದು ನಮ್ಮನ್ನ ವಂಚಿಸೋಕೆ ಮಾಡಿದ್ದು ಅಂತ ಬೇರೆ ದಾವೆ ಹಾಕಬಹುದು. ಎಲ್ಲಕ್ಕಿಂತ ಕೆಟ್ಟದ್ದು ಏನಂದ್ರೆ ನಿಜವಾಗಿ ಕಷ್ಟದಲ್ಲಿರೋ ಪ್ರಾಮಾಣಿಕ ಮನುಷ್ಯ ಆ ಒಂದು ಡೀಡಿಂದ ಕೋರ್ಟ್ ಕಣ್ಣಿಗೆ ಮೋಸಗಾರನ ಹಾಗೆ ಕಾಣ್ತಾನೆ.

ಇದು ಒಂದು ಕಡೆ ಆಯ್ತು. ಇನ್ನೊಂದು ಕಡೆ ಹೆದರಿಕೆ, ಸಾಲ ಕಟ್ಟದಿದ್ರೆ ಜೈಲು, ಪೊಲೀಸ್ ಬರ್ತಾರೆ, ಎಲ್ಲಾ ತಗೊಂಡು ಹೋಗ್ತಾರೆ ಅಂತ. ರಿಕವರಿಯವರು ಇದನ್ನೇ ಹೇಳಿ ಹೆದರಿಸ್ತಾರೆ, ಊರಲ್ಲಿರೋ ಅಮ್ಮನಿಗೂ ಫೋನ್ ಮಾಡ್ತಾರೆ, ಈ ಅವಮಾನಕ್ಕೆ ಜನ ಜೀವ ಕಳ್ಕೊಂಡದ್ದೂ ಇದೆ, ಅದಕ್ಕೇ ಈ ಭಾಗವನ್ನ ದಯವಿಟ್ಟು ನಿಧಾನ ಓದಿ.

ಬರೀ ಸಾಲ ತೀರಿಸೋಕೆ ಆಗದೆ ಇರೋದು ಅಪರಾಧ ಅಲ್ಲ. ಸಿವಿಲ್ ಕೋರ್ಟ್ ಡಿಕ್ರಿ, ಅಂದ್ರೆ ಹಣ ಕಟ್ಟು ಅನ್ನೋ ತೀರ್ಪು, ಆದ್ಮೇಲೂ, ಹಣ ಇದ್ದೂ ಬೇಕಂತ ಕಟ್ಟದೆ ಇರೋನನ್ನ, ಆಸ್ತಿ ಬಚ್ಚಿಡೋನನ್ನ, ಓಡಿಹೋಗೋಕೆ ನೋಡೋನನ್ನ ಮಾತ್ರ ಸಿವಿಲ್ ಜೈಲಿಗೆ ಕಳಿಸೋಕೆ ಬರೋದು, ಅದೂ ಹೆಚ್ಚಂದ್ರೆ ಮೂರು ತಿಂಗಳು. 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಕೇಸಲ್ಲಿ ಜಸ್ಟಿಸ್ ಕೃಷ್ಣ ಅಯ್ಯರ್ ಅವರು ಬಡತನ ಅನ್ನೋ ಕಾರಣಕ್ಕೆ ಜೈಲಿಗೆ ಹಾಕೋ ಹಾಗಿಲ್ಲ ಅಂತ ಗಟ್ಟಿಯಾಗಿ ಹೇಳಿದ್ರು. ಹಣದ ಡಿಕ್ರಿಗೆ ಹೆಂಗಸರನ್ನ ಬಂಧಿಸೋ ಹಾಗೇ ಇಲ್ಲ. ಬ್ಯಾಂಕಿನ ರಿಕವರಿಯವರು ಬೆಳಿಗ್ಗೆ 8ರ ಮುಂಚೆ, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡಬಾರದು, ಮನೆಯವರಿಗೆ ಗೆಳೆಯರಿಗೆ ಹೇಳಿ ಮಾನ ಕಳೀಬಾರದು ಅಂತ ರಿಸರ್ವ್ ಬ್ಯಾಂಕ್ 2022ರ ಆಗಸ್ಟಲ್ಲಿ ಬರೆದು ಕೊಟ್ಟಿದೆ. ಫೋನ್ ಬಂದ ಸಮಯ ಬರೆದಿಡಿ, ರೆಕಾರ್ಡ್ ಮಾಡಿ, ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಡಿ, ಅಲ್ಲಿ ಆಗದಿದ್ರೆ ಇಂಥ ದೂರು ವಿಚಾರಿಸೋ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ.

ಯಾವುದನ್ನ ಜಪ್ತಿ ಮಾಡೋ ಹಾಗಿಲ್ಲ ಅನ್ನೋದು ತಿಳ್ಕೊಂಡ್ರೆ ಅರ್ಧ ಭಯ ಹೋಗ್ತದೆ. ಡಿಕ್ರಿ ಆದ್ರೂ ಸಂಬಳದಲ್ಲಿ ಮೊದಲ 1,000 ರೂಪಾಯಿ, ಉಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ಮುಟ್ಟೋ ಹಾಗಿಲ್ಲ. 31,000 ಸಂಬಳ ಅಂದ್ಕೊಳ್ಳಿ, ಜಪ್ತಿ ಆಗೋದು 10,000 ಮಾತ್ರ, ಅದೇ ಡಿಕ್ರಿಗೆ ಒಟ್ಟು 24 ತಿಂಗಳು ಕಡಿತ ಆದ್ರೆ ಮುಂದೆ ಆ ಡಿಕ್ರಿಗೆ ಸಂಬಳ ಹಿಡಿಯೋ ಹಾಗಿಲ್ಲ. ಪಿಎಫ್ ಖಾತೆಯಲ್ಲಿರೋ ಹಣ ಕಾನೂನು ಪ್ರಕಾರ ಜಪ್ತಿ ಆಗಲ್ಲ, ದಿವಾಳಿ ಆದ್ರೂ ಆಫೀಷಿಯಲ್ ಅಸೈನಿಗೆ ಅದರ ಮೇಲೆ ಹಕ್ಕಿಲ್ಲ. ಸಾಲಗಾರನ ಮೇಲಿರೋ ಲೈಫ್ ಇನ್ಶೂರೆನ್ಸ್ ಹಣಕ್ಕೂ ಸಿವಿಲ್ ಪ್ರೊಸೀಜರ್ ಕೋಡಲ್ಲಿ ರಕ್ಷಣೆ ಇದೆ. ಹಳೇ ಚಾಳುಗಳಲ್ಲಿ ರೆಂಟ್ ಕಂಟ್ರೋಲ್ ಕೆಳಗೆ ಬಾಡಿಗೆಗಿರೋರ ಹಕ್ಕನ್ನೂ ಅದೇ ಕೋಡ್ ಜಪ್ತಿಯಿಂದ ಹೊರಗಿಟ್ಟಿದೆ, ಪಗಡಿ, ಅಂದ್ರೆ ಮುಂಗಡ ದೊಡ್ಡ ಮೊತ್ತ ಕೊಟ್ಟು ಹಳೇ ಬಾಡಿಗೆಗೆ ಹಿಡಿದ, ರೂಮಲ್ಲಿರೋ ನಮ್ಮವರು ಇದನ್ನ ಗಮನಿಸ್ಬೇಕು. ಓನರ್‌ಶಿಪ್ ಫ್ಲಾಟಿಗೆ ಆ ರಕ್ಷಣೆ ಇಲ್ಲ.

ಗೊತ್ತಿಲ್ದೆ ಜನ ಏನ್ ಮಾಡ್ತಾರೆ ಅಂದ್ರೆ, ಐರೋಲಿಯಲ್ಲಿ ಕೆಲಸ ಮಾಡೋ ಒಬ್ಬ ಹುಡುಗ, ನಮ್ಮ ಪಕ್ಕದ ಊರಿನವನೇ, ಕಾರ್ಡ್ ಕಂಪನಿಯವರ ಫೋನಿಗೆ ಹೆದರಿ ಒಂಬತ್ತು ವರ್ಷದ ಪಿಎಫ್ ತೆಗೆದು ಕಾರ್ಡಿಗೆ ಕಟ್ಟಿದ. ಯಾರೂ ಮುಟ್ಟೋಕಾಗದ ಹಣ ಅದು. ಕಾರ್ಡ್ ಬಾಕಿಯೂ ಪೂರ್ತಿ ತೀರ್ಲಿಲ್ಲ, ಬಡ್ಡಿಗೇ ಹೋಯ್ತು. ನನ್ನ ಹತ್ರ ಒಂದು ವಾರ ಮೊದಲು ಬಂದಿದ್ರೆ ಅಂತ ಈಗ್ಲೂ ಸಂಕಟ ಆಗ್ತದೆ.

ಸತ್ರೆ ಮಕ್ಕಳ ತಲೆಗೆ ಬರ್ತದೆ ಅನ್ನೋದೂ ಪೂರ್ತಿ ನಿಜ ಅಲ್ಲ, ಮಕ್ಕಳಿಗೆ ಎಷ್ಟು ಆಸ್ತಿ ಬಂದಿದೆಯೋ ಅಷ್ಟರ ಮಟ್ಟಿಗೇ ಹೊಣೆ, ಅವರ ಸ್ವಂತ ದುಡಿಮೆಯಿಂದ ಕಟ್ಬೇಕಾಗಿಲ್ಲ, ಅವರೇ ಜಾಮೀನು ಹಾಕಿದ್ರೆ ಬೇರೆ ಮಾತು.

ಬ್ಯಾಂಕು ರೈಟ್ ಆಫ್ ಮಾಡಿದೆ ಅಂದ್ರೆ ಮನ್ನಾ ಅಂತ ಅನ್ಕೊಳ್ಳೋದು ಇನ್ನೊಂದು ತಪ್ಪು, ಅದು ಬ್ಯಾಂಕಿನ ಪುಸ್ತಕದ ಲೆಕ್ಕ, ವಸೂಲಿ ಹಕ್ಕು ಹಾಗೇ ಇರ್ತದೆ. ಬ್ಯಾಂಕನ್ನ ಒಪ್ಪಿಸಿ ಬಾಕಿಗಿಂತ ಕಡಿಮೆ ಕಟ್ಟಿ ಮುಗಿಸೋ ಸೆಟಲ್‌ಮೆಂಟ್ ಮಾಡ್ಕೊಂಡ್ರೆ, ಸಾಲದ ಚರಿತ್ರೆ ತೋರಿಸೋ ಸಿಬಿಲ್ ರಿಪೋರ್ಟಲ್ಲಿ ಕ್ಲೋಸ್ಡ್ ಅಂತ ಬರಲ್ಲ, ಸೆಟಲ್ಡ್ ಅಂತ ಬರ್ತದೆ, ವರ್ಷಗಟ್ಟಲೆ ಅದು ಕಾಣ್ತಾ ಇರ್ತದೆ. ಆದ್ರೂ ಮುಳುಗ್ತಿರೋನಿಗೆ ಸ್ಕೋರ್ ನೋಡ್ಕೊಂಡು ಕೂರೋಕೆ ಆಗಲ್ಲ, ನನ್ನ ಅಭಿಪ್ರಾಯದಲ್ಲಿ ಬರವಣಿಗೆಯಲ್ಲಿ ಪತ್ರ ತಗೊಂಡು ಮಾಡೋ ಸೆಟಲ್‌ಮೆಂಟು ಹೆಚ್ಚಿನ ಸಣ್ಣ ಸಾಲಗಾರರಿಗೆ ದಿವಾಳಿ ಅರ್ಜಿಗಿಂತ ಒಳ್ಳೇದು. ಅದಕ್ಕೆ ಮಧ್ಯವರ್ತಿ ಬೇಕಾಗಿಲ್ಲ, ನೀವೇ ಬ್ಯಾಂಕಿಗೆ ಪತ್ರ ಬರೀಬಹುದು. ಹಾಗೇ ವಾಟ್ಸಾಪಲ್ಲಿ ಕರ್ನಾಟಕದ 2025ರ ಮೈಕ್ರೋಫೈನಾನ್ಸ್ ಕಾನೂನು ತೋರಿಸಿ ಎಲ್ಲಾ ಸಾಲ ಮನ್ನಾ ಅಂತ ಕಳಿಸ್ತಾರಲ್ಲ, ಅದು ಕರ್ನಾಟಕಕ್ಕೆ ಮಾತ್ರ, ರಿಸರ್ವ್ ಬ್ಯಾಂಕಲ್ಲಿ ನೋಂದಣಿ ಆಗಿರೋ ಬ್ಯಾಂಕು, ಫೈನಾನ್ಸ್ ಕಂಪನಿಗಳ ಸಾಲಕ್ಕೆ ಅನ್ವಯಿಸಲ್ಲ, ಥಾಣೆಯಲ್ಲಿ ತಗೊಂಡ ಕಾರ್ಡಿಗಂತೂ ಸಂಬಂಧವೇ ಇಲ್ಲ.

ನಮ್ಮವನ ವಿಷಯಕ್ಕೆ ಬಂದ್ರೆ, ಆ ರಾತ್ರಿ ಏಜೆಂಟ್ ಹತ್ರ ಹೋಗ್ಬೇಡ, ಭಾನುವಾರ ನಾನೇ ಬರ್ತೇನೆ ಅಂದೆ. ಹೋಗಿ ಕೂತು ಒಂದು ಉದ್ದದ ಹಾಳೆ ತಗೊಂಡು ಯಾರಿಗೆ ಎಷ್ಟು, ಯಾವಾಗ ತಗೊಂಡದ್ದು, ಬಡ್ಡಿ ಎಷ್ಟು, ಅಡ ಏನಿದೆ, ಜಾಮೀನು ಯಾರು, ಚೆಕ್ ಕೊಟ್ಟಿದ್ದಾನಾ ಅಂತ ಬರೆದ್ವಿ. ಕೋರ್ಟಿಗೆ ಹೋದ್ರೂ ಇದನ್ನೇ ಮೊದಲು ಕೇಳೋದು, ಬ್ಯಾಂಕ್ ಜೊತೆ ಮಾತಾಡೋಕೂ ಇದೇ ಬೇಕು. ನಾಲ್ಕು ಗಂಟೆ ಹಿಡೀತು, ಹನ್ನೊಂದು ಹೆಸರು ಬಂತು, ಒಟ್ಟು ಹದಿನೆಂಟು ಲಕ್ಷದ ಹತ್ತಿರ. ಅದರಲ್ಲಿ ಐದು ಹೆಸರು ಮಾತ್ರ ಅವನ ಹೆಂಡತಿಗೆ ಗೊತ್ತಿದ್ದದ್ದು. ಆಕೆ ಚಾ ತಂದಿಟ್ಟು ಹಾಳೆಯನ್ನ ಮೇಲಿಂದ ಕೆಳಗೆ ಎರಡು ಸಲ ಓದಿದ್ಳು, ಉಳಿದ ಆರು ಹೆಸರಿನ ಬಗ್ಗೆ ಗಂಡನ ಹತ್ರ ಏನೂ ಕೇಳ್ಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನನ್ನ ಕಡೆ ತಿರುಗಿ, "ಅಣ್ಣ, ನನ್ನ ಹೆಸರಿಗೆ ಮಾಡಿದ ಮನೆ ಪತ್ರವನ್ನ ವಾಪಸ್ ಇವರ ಹೆಸರಿಗೆ ಮಾಡ್ಲಿಕ್ಕೆ ಯಾವ ಆಫೀಸಿಗೆ ಹೋಗ್ಬೇಕು" ಅಂತ ಕೇಳಿದ್ಳು.